ಪ್ಲೇಟ್ ಏರಿಸಿದ ಹಳೇ ಪಿಕಪ್‌ಗೆ ಯಾವ ಶಾಕ್ ಹಾಕಿಸಬೇಕು?

ಪ್ರಶ್ನೆ: "ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಾಲ್ಕು ಕಿ.ಮೀ. ಒಳಗೆ. ಅಡಿಕೆ ತೋಟ ಇದೆ. ಹೋದ ವರ್ಷ ಯುಗಾದಿ ಹೊತ್ತಿಗೆ 2013ರ ಮಾಡೆಲಿನ ಪಿಕಪ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡೆ. ಹಿಂದಿನ ಮಾಲೀಕರು ಜಂಬಿಟ್ಟಿಗೆ ಕಲ್ಲಿನ ಲೋಡ್ ಹೊಡೆಯುತ್ತಿದ್ದವರು. ಹಿಂಚಕ್ರದ ಕಮಾನಿಗೆ (ಲೀಫ್ ಸ್ಪ್ರಿಂಗ್) ಎರಡೂ ಬದಿ ಎರಡೆರಡು ಪ್ಲೇಟ್ ಜಾಸ್ತಿ ಹಾಕಿಸಿದ್ದಾರೆ, ಕಮಾನಿನ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಕೂಡ ಉದ್ದದ್ದು. ಗಾಡಿ ಹಿಂದೆ ಎದ್ದು ನಿಂತಿದೆ. ಖಾಲಿ ಬರುವಾಗ ಕಲ್ಲು ಎದ್ದ ರಸ್ತೆಯ ತಿರುವಿನಲ್ಲಿ ಹಿಂಭಾಗ ಕುಣಿಯುತ್ತಾ ಪಕ್ಕಕ್ಕೆ ಜಾರುತ್ತದೆ. ಲೋಡ್ ಇದ್ದರೆ ಕುಣಿತ ಕಡಿಮೆ, ಆದರೆ ತಿರುವಿನಲ್ಲಿ ತೂಗಾಡುತ್ತದೆ. ಹಿಂದಿನ ಶಾಕ್‌ಗಳನ್ನು (ಶಾಕ್ ಅಬ್ಸಾರ್ಬರ್) ಎರಡು ಸಲ ಬದಲಿಸಿದೆ, ಕಂಪನಿಯದ್ದೇ ಹಾಕಿಸಿದ್ದು. ಆರೇಳು ತಿಂಗಳಿಗೆ ಎಣ್ಣೆ ಕಾರಿದವು. ಎರಡನೇ ಸಲ ಒಂದು ಬದಿಯ ಕೆಳಗಿನ ಕಿವಿಯೇ (ಬೋಲ್ಟ್ ಕೂರುವ ಬಳೆ) ಕಿತ್ತುಬಂತು. ಒಬ್ಬ ಮೆಕ್ಯಾನಿಕ್ ಹೆವಿ ಡ್ಯೂಟಿ ಗ್ಯಾಸ್ ಶಾಕ್ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಪ್ಲೇಟ್ ಗಾಡಿಗೆ ಶಾಕ್ ಯಾಕೆ, ಬಿಚ್ಚಿ ಎಸೆಯಿರಿ ಎನ್ನುತ್ತಾರೆ. ನಮ್ಮ ಭಾವ ಮಿನಿ ಬಸ್ಸಿನ ಶಾಕ್ ತಂದು ವೆಲ್ಡ್ ಮಾಡಿಸಿ ಕೂರಿಸೋಣ ಅಂತ ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ? ಯಾವ ಕಂಪನಿಯದ್ದು ಒಳ್ಳೆಯದು? ಮಳೆ ಹಿಡಿಯುವುದರೊಳಗೆ ಈ ಕೆಲಸ ಮುಗಿಯಬೇಕು."

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಟ್ಟಿಗೆ ಸೇರಿಕೊಂಡಿವೆ. ಶಾಕ್ ಯಾಕೆ ಪದೇ ಪದೇ ಸಾಯುತ್ತಿದೆ ಎನ್ನುವುದು ಒಂದು. ಗಾಡಿ ಯಾಕೆ ನೆಟ್ಟಗೆ ಹೋಗುತ್ತಿಲ್ಲ ಎನ್ನುವುದು ಇನ್ನೊಂದು. ಎರಡಕ್ಕೂ ಒಳ್ಳೆಯ ಕಂಪನಿಯ ಶಾಕ್ ಪರಿಹಾರ ಅಂತ ನೀವು ಅಂದುಕೊಂಡಿದ್ದೀರಿ. ಕಂಪನಿ ಹೆಸರು ಕೊನೆಗೆ ನೋಡೋಣ. ಶಿವಮೊಗ್ಗದಲ್ಲಿ ಕಮಾನು, ಶಾಕ್ ಕೆಲಸ ಮಾಡಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ಪ್ಲೇಟ್ ಏರಿಸಿದ ಗಾಡಿಗಳು ನನ್ನ ಶೆಡ್ಡಿಗೆ ಬರುವುದು ಹೆಚ್ಚಾಗಿ ನಿಮ್ಮ ದೂರನ್ನೇ ಹೊತ್ತು. ಅವುಗಳಲ್ಲಿ ಹೆಚ್ಚಿನವಕ್ಕೆ ಶಾಕ್ ಕೆಟ್ಟದ್ದಿರಲಿಲ್ಲ, ಗಿಡ್ಡವಾಗಿತ್ತು.

ಮೊದಲು ಶಾಕ್ ಏನು ಮಾಡುತ್ತದೆ ನೋಡೋಣ. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು 'ಶಾಕಪ್ಸರ್'. ಹೆಸರು ಕೇಳಿದರೆ ಹೊಡೆತ ತಡೆಯುವ ಸಾಧನ ಅನ್ನಿಸುತ್ತದೆ. ಹೊಡೆತ ತಡೆಯುವುದು, ಭಾರ ಹೊರುವುದು ಎರಡೂ ಕಮಾನಿನ ಕೆಲಸ. ಬಗ್ಗಿದ ಕಮಾನು ಜೋಕಾಲಿಯ ಹಾಗೆ. ಒಮ್ಮೆ ತಳ್ಳಿದರೆ ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ಆ ತೂಗಾಟವನ್ನು ಎರಡನೇ ಸುತ್ತಿಗೇ ಹಿಡಿದು ನಿಲ್ಲಿಸುವವನು ಶಾಕ್. ಒಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ಕಿಂಡಿ ಮತ್ತು ವಾಲ್ವ್. ಎಣ್ಣೆ ಆ ಕಿಂಡಿಯಲ್ಲಿ ನುಸುಳುವಾಗ ಆಗುವ ತಡೆಯೇ ಶಾಕ್‌ನ ಶಕ್ತಿ. ಆ ಶಕ್ತಿ ಬಿಸಿಯಾಗಿ ಹೊರಹೋಗುತ್ತದೆ. ಕಚ್ಚಾ ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ ಬಂದು ಎರಡೂ ಶಾಕ್‌ಗಳ ಮೈಯನ್ನು ಕೈ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಎರಡೂ ಒಂದೇ ಸಮ ಬೆಚ್ಚಗಿರಬೇಕು. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ತಣ್ಣಗಿರುವುದು ಕೆಲಸಕ್ಕೆ ರಜೆ ಹಾಕಿದೆ ಅಂತ ಲೆಕ್ಕ.

ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ನೋಡುವ ಪರೀಕ್ಷೆ ಕಾರಿಗೆ ಸರಿ. ನಿಮ್ಮ ಪಿಕಪ್ಪಿನ ಹಿಂಭಾಗವನ್ನು ಇಬ್ಬರು ಹತ್ತಿ ಕುಣಿದರೂ ಅದು ಅಲ್ಲಾಡುವುದಿಲ್ಲ. ಅದಕ್ಕೆ ಕೆಳಗಿನ ಬೋಲ್ಟ್ ಬಿಚ್ಚಿ ಕೈಯಲ್ಲೇ ಎಳೆದು ಒತ್ತಿ ನೋಡಬೇಕು. ಎಳೆಯುವಾಗಲೂ ಒತ್ತುವಾಗಲೂ ಮೊದಲಿಂದ ಕೊನೆಯ ತನಕ ಒಂದೇ ಹದದ ತಡೆ ಸಿಗಬೇಕು. ನಡುವೆ ಎಲ್ಲಾದರೂ ಪೊಳ್ಳು ಸಿಕ್ಕಿದರೆ ಅದು ಮುಗಿದಿದೆ. ಮೈಮೇಲೆ ತೆಳುವಾಗಿ ಎಣ್ಣೆ ಜಿಡ್ಡು, ಅದಕ್ಕೆ ಧೂಳು ಅಂಟಿದ್ದರೆ ಹೆದರಬೇಡಿ. ತೊಟ್ಟಿಕ್ಕಿದ ಗೆರೆ ಕಂಡರೆ ಮಾತ್ರ ಸೀಲ್ ಹೋಗಿದೆ.

ಈಗ ನಿಮಗೆ ಬಂದ ಸಲಹೆಗಳು. 'ಪ್ಲೇಟ್ ಗಾಡಿಗೆ ಶಾಕ್ ಬೇಡ' ಎನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಪ್ಲೇಟಿಗೆ ಪ್ಲೇಟ್ ಉಜ್ಜುವಾಗಲೂ ತೂಗಾಟ ಕುಗ್ಗುತ್ತದೆ, ಟ್ರ್ಯಾಕ್ಟರ್ ಟ್ರೇಲರ್‌ಗಳು ಓಡುತ್ತಿರುವುದೇ ಹಾಗೆ. ಆದರೆ ಪ್ಲೇಟಿನ ಉಜ್ಜುವಿಕೆ ಸಣ್ಣ ಅಲುಗಾಟವನ್ನು ಗಟ್ಟಿಯಾಗಿ ಹಿಡಿಯುತ್ತದೆ, ದೊಡ್ಡ ಹೊಡೆತಕ್ಕೆ ಕೈಬಿಡುತ್ತದೆ. ಎಣ್ಣೆಯ ಶಾಕ್ ಇದಕ್ಕೆ ತದ್ವಿರುದ್ಧ. ಹೊಡೆತ ಜೋರಾದಷ್ಟೂ ಅದರ ತಡೆ ಜೋರಾಗುತ್ತದೆ. ಮೇಲಾಗಿ ನಮ್ಮ ಮಳೆಗಾಲ ಮುಗಿಯುವ ಹೊತ್ತಿಗೆ ಪ್ಲೇಟುಗಳ ನಡುವೆ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಹಿಡಿದು, ಟಕ್ ಅಂತ ಬಿಟ್ಟು, ಮತ್ತೆ ಹಿಡಿಯುವ ಗಾಡಿಯಲ್ಲಿ ಘಾಟಿ ಇಳಿಯುವುದು ನನಗಂತೂ ಬೇಡ. ಟ್ರೇಲರ್ ಇಪ್ಪತ್ತು ಕಿ.ಮೀ. ವೇಗದಲ್ಲಿ ಹೋಗುತ್ತದೆ, ನೀವು ಅರವತ್ತರಲ್ಲಿ ಹೋಗುತ್ತೀರಿ. (ತುಕ್ಕಿಗೆ ಹಳೇ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ಎಲ್ಲ ಮನೆಯಲ್ಲೂ ಇದೆ. ಪ್ಲೇಟಿಗೆ ಅದು ಹಿತ, ಪಕ್ಕದ ರಬ್ಬರ್ ಬುಷ್‌ಗೆ ವಿಷ. ಪ್ಲೇಟ್ ಬಿಚ್ಚಿದಾಗ ಗ್ರಾಫೈಟ್ ಗ್ರೀಸ್ ಹಚ್ಚಿ.)

ಗ್ಯಾಸ್ ಶಾಕ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ದೊಡ್ಡದು. ಗ್ಯಾಸ್ ಅಂದರೆ ಗಟ್ಟಿ, ಗ್ಯಾಸ್ ಅಂದರೆ ಭಾರ ಹೊರುತ್ತದೆ ಅಂತ ಜನ ನಂಬಿದ್ದಾರೆ. ಒಳಗಿರುವುದು ನೈಟ್ರೋಜನ್. ಅದರ ಮುಖ್ಯ ಕೆಲಸ ನೊರೆ ತಡೆಯುವುದು. ಮಜ್ಜಿಗೆ ಕಡೆಯುವಾಗ ಕಡೆಗೋಲು ಜೋರಾಗಿ ತಿರುಗಿದರೆ ನೊರೆ ಬರುತ್ತದಲ್ಲ, ಹಾಗೇ ಶಾಕ್‌ನ ಪಿಸ್ಟನ್ ಎಡೆಬಿಡದೆ ಕುಟ್ಟಿದಾಗ ಎಣ್ಣೆಗೆ ಗಾಳಿ ಬೆರೆತು ನೊರೆಯಾಗುತ್ತದೆ. ನೊರೆ ಕಿಂಡಿಯಲ್ಲಿ ಸಲೀಸಾಗಿ ನುಸುಳಿಬಿಡುತ್ತದೆ, ತಡೆ ಸಿಗುವುದಿಲ್ಲ. ಒತ್ತಡದಲ್ಲಿರುವ ಗ್ಯಾಸ್ ಇದ್ದರೆ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಭಾರದ ಲೆಕ್ಕವನ್ನೂ ಹೇಳುತ್ತೇನೆ. ಒಂಟಿ ಕೊಳವೆಯ ಶಾಕ್‌ನಲ್ಲಿ ಒತ್ತಡ 20 ಬಾರ್, ರಾಡ್ ದಪ್ಪ 14 ಮಿ.ಮೀ. ಅಂತ ಇಟ್ಟುಕೊಂಡರೆ ಅದು ಮೇಲಕ್ಕೆ ತಳ್ಳುವುದು ಸುಮಾರು 30 ಕೆ.ಜಿ.ಯಷ್ಟು ಬಲದಲ್ಲಿ. ಎರಡು ಸೇರಿ ಒಂದು ಮೂಟೆ ಗೊಬ್ಬರ. ಟನ್ ಲೋಡಿನ ಮುಂದೆ ಇದು ಯಾವ ಲೆಕ್ಕ?

ಭಾವನವರ ಮಿನಿ ಬಸ್ ಶಾಕ್ ಯೋಜನೆಗೆ ನನ್ನ ಖಡಾಖಂಡಿತ ವಿರೋಧ ಇದೆ, ಬೇಸರ ಮಾಡಿಕೊಳ್ಳಬಾರದು. ಬಿಗಿ ಕಮಾನಿಗೆ ಬಿಗಿ ಶಾಕ್ ಬೇಕು ನಿಜ, ಆದರೆ ಅಷ್ಟೊಂದಲ್ಲ. ಆರು ಪ್ಲೇಟಿನ ಕಟ್ಟಿಗೆ ಅದೇ ದಪ್ಪದ ಎರಡು ಸೇರಿಸಿದರೆ ಕಮಾನಿನ ಬಿಗಿ ಹೆಚ್ಚೆಂದರೆ ಮೂರನೇ ಒಂದು ಭಾಗ ಏರುತ್ತದೆ. ಬೇಕಾಗುವ ಶಾಕ್ ತಡೆ ಮಾತ್ರ ಆ ಏರಿಕೆಯ ವರ್ಗಮೂಲದ ಲೆಕ್ಕದಲ್ಲಿ, ಅಂದರೆ ನೂರಕ್ಕೆ ಹದಿನೈದರಷ್ಟು ಮಾತ್ರ ಏರಬೇಕು. ಬಸ್ ಶಾಕ್ ಇದರ ಎಷ್ಟೋ ಪಟ್ಟು ಬಿಗಿ. ಆಗ ಏನಾಗುತ್ತದೆ ಗೊತ್ತಾ? ಒಂದು ಗುಂಡಿಗೆ ಮೇಲೆ ಹೋದ ಚಕ್ರ ಕೆಳಗೆ ಬರುವಷ್ಟರಲ್ಲಿ ಮುಂದಿನ ಗುಂಡಿ ಬಂದಿರುತ್ತದೆ. ಮತ್ತೂ ಮೇಲೆ. ಹೀಗೆ ನಾಲ್ಕು ಗುಂಡಿ ದಾಟುವುದರೊಳಗೆ ಚಕ್ರ ಗಾಳಿಯಲ್ಲಿ, ಗಾಡಿ ಪಕ್ಕದ ದರೆಯಲ್ಲಿ. ವೆಲ್ಡಿಂಗ್ ಮಾತು ಬಿಟ್ಟೇ ಬಿಡಿ. ಹಿಂದೊಮ್ಮೆ ಒಂದು ಕಡೆ ಗ್ಯಾಸ್ ಶಾಕ್‌ನ ಕಿವಿಗೆ ಪಟ್ಟಿ ಬೆಸೆಯಲು ಹೋಗಿ ಕೊಳವೆ ಬಿಸಿಯಾಗಿ ರಾಡ್ ಸಿಡಿದು ಶೆಡ್ಡಿನ ತಗಡು ತೂತಾದದ್ದನ್ನು ನೋಡಿದ್ದೇನೆ. ಎದುರಿಗೆ ಯಾರೂ ಇರಲಿಲ್ಲ, ಪುಣ್ಯ.

ಇನ್ನು ನಿಮ್ಮ ಗಾಡಿ. ಪತ್ರ ಬಂದ ಮೇಲೆ ಅಳತೆ ತೆಗೆದು ಕಳಿಸಿ ಅಂದಿದ್ದೆ. ಅಚ್ಚುಕಟ್ಟಾಗಿ ತೆಗೆದಿದ್ದೀರಿ. ಇದೇ ಗೊಂದಲದಲ್ಲಿರುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಅದನ್ನೇ ಇಟ್ಟುಕೊಂಡು ಬಿಡಿಸುತ್ತೇನೆ. ಎಲ್ಲ ಅಳತೆಯೂ ಶಾಕ್‌ನ ಮೇಲಿನ ಕಿವಿಯ ನಡುವಿನಿಂದ ಕೆಳಗಿನ ಕಿವಿಯ ನಡುವಿನ ತನಕ. ಶಾಕ್ ಸ್ವಲ್ಪ ಓರೆಯಾಗಿ ಕೂರುವುದರಿಂದ ಕೆಲವು ಮಿ.ಮೀ. ಆಚೀಚೆ ಆಗಬಹುದು.

ನೀವು ಬಿಚ್ಚಿಟ್ಟ ಶಾಕ್ ಪೂರ್ತಿ ಒತ್ತಿದಾಗ 320, ಪೂರ್ತಿ ಎಳೆದಾಗ 520 ಮಿ.ಮೀ. ಅಂದರೆ ಅದರ ಓಟ 200. ಅದೇ ಮಾಡೆಲಿನ, ಯಾವ ಬದಲಾವಣೆಯೂ ಆಗದ ಗಾಡಿಯೊಂದು ನಮ್ಮ ಶೆಡ್ಡಿಗೆ ಬಂದಿತ್ತು. ಅದು ಖಾಲಿ ನಿಂತಾಗ ಕಿವಿಯಿಂದ ಕಿವಿಗೆ 440. ಮೇಲೆ ಒತ್ತಲು 120, ಕೆಳಗೆ ಇಳಿಯಲು 80 ಜಾಗ ಇದೆ. ನಿಮ್ಮ ಗಾಡಿ ಖಾಲಿ ನಿಂತಾಗ 500. ಕೆಳಗೆ ಇಳಿಯಲು ಉಳಿದಿರುವುದು ಬರೀ 20 ಮಿ.ಮೀ., ಅಂದರೆ ಒಂದು ಹೆಬ್ಬೆರಳಿನ ಅಗಲ.

ಈ ಇಪ್ಪತ್ತರಲ್ಲೇ ನಿಮ್ಮ ಎರಡು ಜೊತೆ ಶಾಕ್‌ಗಳ ಸಾವು ಇದೆ. ನಿಮ್ಮೂರ ರಸ್ತೆಯಲ್ಲಿ ಹೆಬ್ಬೆರಳಿಗಿಂತ ಆಳದ ಗುಂಡಿ ಎಷ್ಟಿವೆ ಅಂತ ನಾನು ಹೇಳಬೇಕಾಗಿಲ್ಲ. ಪ್ರತಿ ಗುಂಡಿಗೂ ಚಕ್ರ ಕೆಳಗಿಳಿಯುತ್ತದೆ, 20 ಮಿ.ಮೀ. ಮುಗಿದ ಕೂಡಲೇ ಒಳಗಿನ ಪಿಸ್ಟನ್ ಮೇಲಿನ ಮುಚ್ಚಳಕ್ಕೆ ಹೋಗಿ ಗುದ್ದುತ್ತದೆ. ಎಣ್ಣೆ ಸೀಲ್ ಇರುವುದು ಅಲ್ಲೇ. ಅಷ್ಟೇ ಅಲ್ಲ, ಹೌಸಿಂಗು, ಎರಡು ಚಕ್ರ, ಡ್ರಮ್ಮು ಎಲ್ಲ ಸೇರಿ ನೂರು ಕೆ.ಜಿ. ಮೀರುವ ಆಕ್ಸಲ್ ಆ ಕ್ಷಣದಲ್ಲಿ ಎರಡು ಕಿವಿಗೆ ಜೋತುಬೀಳುತ್ತದೆ, ಅದೂ ಜರ್ಕ್ ಹೊಡೆದು. ಕಿವಿ ಕಿತ್ತುಬಂದದ್ದು ಆಶ್ಚರ್ಯ ಅಲ್ಲ, ಆರು ತಿಂಗಳು ತಡೆದದ್ದೇ ಆಶ್ಚರ್ಯ. ಶಾಕ್ ಕೊಟ್ಟ ಅಂಗಡಿಯವರನ್ನು ನೀವು ಬೈದಿದ್ದರೆ ಒಮ್ಮೆ ಹೋಗಿ ಮಾತಾಡಿಸಿ ಬನ್ನಿ.

ಲೋಡ್ ಇದ್ದಾಗ ಕುಣಿತ ಕಡಿಮೆ ಎಂದಿರಿ. ಅದಕ್ಕೂ ಉತ್ತರ ಇಲ್ಲೇ ಇದೆ. 800 ಕೆ.ಜಿ. ಹಾಕಿದಾಗ ನಿಮ್ಮ ಗಾಡಿ 460ಕ್ಕೆ ಇಳಿಯುತ್ತದೆ ಅಂತ ಬರೆದಿದ್ದೀರಿ. ಆಗ ಕೆಳಗೆ 60 ಮಿ.ಮೀ. ಜಾಗ ಸಿಕ್ಕಿ ಶಾಕ್ ಉಸಿರಾಡುತ್ತದೆ. ಖಾಲಿಯಾದ ಕೂಡಲೇ ಮತ್ತೆ ಕತ್ತು ಹಿಸುಕಿದ ಹಾಗೆ. ಜೊತೆಗೆ ಖಾಲಿ ಗಾಡಿಗೆ ಆ ಕಮಾನು ಮರದ ತೊಲೆಯಷ್ಟು ಬಿಗಿ. ಹಿಂದಿನ ಟೈರಿಗೆ ಲೋಡಿನ ಗಾಳಿಯನ್ನೇ ಖಾಲಿಯಿರುವಾಗಲೂ ಬಿಟ್ಟಿದ್ದರೆ ಟೈರೂ ಚೆಂಡಿನ ಹಾಗೆ ಪುಟಿಯುತ್ತದೆ. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಖಾಲಿ ಗಾಡಿಯ ಗಾಳಿ ಬೇರೆ ಕೊಟ್ಟಿದ್ದರೆ ಅದನ್ನು ಪಾಲಿಸಿ. ಕುಣಿತದಲ್ಲಿ ಒಂದು ಪಾಲು ಇವತ್ತೇ ಪುಕ್ಕಟೆ ಕಡಿಮೆಯಾಗುತ್ತದೆ.

'ಹಾಗಾದರೆ ಉದ್ದದ ಶಾಕ್ ಹಾಕಿಸಿದರಾಯಿತಲ್ಲ' ಎಂದು ನೀವು ಫೋನಿನಲ್ಲಿ ಕೇಳಿದಿರಿ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಶಾಕ್‌ಗಳನ್ನು ಬಿಚ್ಚಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಪೂರ್ತಿ ಜೋತುಬಿಟ್ಟಾಗ ನಿಮಗೆ ಸಿಕ್ಕ ಅಳತೆ 575. ಅದಕ್ಕೆ ಹತ್ತು ಹದಿನೈದು ಮಿ.ಮೀ. ಹೆಚ್ಚಿಗೆ ಸೇರಿಸಿ, ಎಳೆದಾಗ 590 ಆಗುವ ಶಾಕ್ ಬೇಕು. ಇನ್ನು ಮೇಲಿನ ಕೊನೆ. ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ರಬ್ಬರಿಗೂ ಆಕ್ಸಲ್ಲಿಗೂ ನಡುವೆ ಖಾಲಿ ನಿಂತಾಗ 145 ಇದೆ. 500ರಲ್ಲಿ 145 ಕಳೆದರೆ 355ಕ್ಕೆ ರಬ್ಬರ್ ತಾಗುತ್ತದೆ, ರಬ್ಬರ್ 25 ಮಿ.ಮೀ. ಹಿಸುಕಿದ ಮೇಲೆ 330ಕ್ಕೆ ನಿಲ್ಲುತ್ತದೆ. ಶಾಕ್ ಇದಕ್ಕಿಂತ ಹತ್ತು ಮಿ.ಮೀ. ಗಿಡ್ಡಕ್ಕೆ ಮಡಚಬೇಕು, ಅಂದರೆ 320. ಕಂಪನಿ ಶಾಕ್ ಸರಿಯಾಗಿ ಅಷ್ಟೇ ಇದೆ ನೋಡಿ, ಅವರು ಲೆಕ್ಕ ಹಾಕಿಯೇ ಕೊಟ್ಟಿದ್ದಾರೆ.

ಹಾಗಾದರೆ ನಿಮಗೆ ಬೇಕಾದದ್ದು ಎಳೆದರೆ 590, ಒತ್ತಿದರೆ 320, ಓಟ 270. ಅಂಥ ಶಾಕ್ ಈ ಮಾದರಿಯಲ್ಲಿ ಹುಟ್ಟುವುದಿಲ್ಲ. ಯಾಕೆಂದರೆ 270 ಓಟದ ರಾಡ್ ಒಳಗೆ ಮಡಚಿಕೊಳ್ಳಲು ಕನಿಷ್ಠ 270ರ ಕೊಳವೆ ಬೇಕು, ಅದರ ಮೇಲೆ ಪಿಸ್ಟನ್, ತಳದ ವಾಲ್ವ್, ಸೀಲ್, ಎರಡು ಕಿವಿ. ಇವಕ್ಕೆಲ್ಲ ಸೇರಿ ನಿಮ್ಮ ಹಳೇ ಶಾಕ್‌ನಲ್ಲಿ 120 ಮಿ.ಮೀ. ಹೋಗಿದೆ. ಇಲ್ಲಿ ಉಳಿಯುವುದು ಬರೀ 50. ಉದ್ದಕ್ಕೆ ಎಳೆಯುವ ಶಾಕ್ ಮಡಚಿದಾಗಲೂ ಉದ್ದವೇ ಇರುತ್ತದೆ. ಇದನ್ನು ಮರೆತು ಬರೀ ಉದ್ದದ್ದನ್ನು ಹಾಕಿಸಿದರೆ ಮೇಲಿನ ಗುದ್ದು ತಪ್ಪುತ್ತದೆ, ತಳ ಗುದ್ದುತ್ತದೆ. ಲೋಡಿನಲ್ಲಿ ದೊಡ್ಡ ಗುಂಡಿಗೆ ಬಿದ್ದಾಗ ರಬ್ಬರ್ ಹೊರಬೇಕಾದ ಹೊಡೆತ ಶಾಕ್ ಹೊರುತ್ತದೆ. ರಾಡ್ ಬಗ್ಗುತ್ತದೆ, ಇಲ್ಲವೇ ಚಾಸಿಯ ಬ್ರಾಕೆಟ್ ಹರಿಯುತ್ತದೆ. ಬ್ರಾಕೆಟ್ ಹರಿದರೆ ಶಾಕ್ ಬೆಲೆಯ ಎಷ್ಟೋ ಪಟ್ಟು ಕೆಲಸ.

ಹೀಗಾಗಿ ನನ್ನ ಪ್ರಶ್ನೆ ಬೇರೆ. ಆ ಎತ್ತರ ನಿಮಗೆ ಬೇಕೇ? ಹಿಂದಿನವರು ಹೊಡೆದದ್ದು ಜಂಬಿಟ್ಟಿಗೆ. ಗಣಿಯಿಂದ ತೆಗೆದ ಹಸಿ ಕಲ್ಲಿನ ತೂಕ ಎತ್ತಿದವರಿಗೇ ಗೊತ್ತು. ನೀವು ಹೊಡೆಯುವುದು ಹಸಿ ಅಡಿಕೆ ಗೊನೆ, ಸೊಪ್ಪು, ಗೊಬ್ಬರ, ವರ್ಷಕ್ಕೆ ಕೆಲವು ಸಲ ಮಂಡಿಗೆ ಒಣ ಅಡಿಕೆ. ನಿಮ್ಮ ಮಾತಿನಲ್ಲೇ ಎಂಟುನೂರು ಕೆ.ಜಿ. ದಾಟುವುದು ಅಪರೂಪ. ಬೇರೆಯವರ ಹೊರೆಗೆ ಕಟ್ಟಿದ ಕಮಾನನ್ನು ನೀವು ಹೊತ್ತು ತಿರುಗುತ್ತಿದ್ದೀರಿ. ಗಟ್ಟಿ ಕಮಾನು ಇದ್ದರೆ ಇರಲಿ, ಯಾವತ್ತಾದರೂ ಬೇಕಾದೀತು ಎಂದುಕೊಂಡಿದ್ದರೆ ಅದನ್ನೂ ಬಿಡಿ. ಪ್ಲೇಟ್ ಸೇರಿಸಿದ ಮಾತ್ರಕ್ಕೆ ಆರ್.ಸಿ.ಯಲ್ಲಿರುವ ಒಟ್ಟು ತೂಕ ಏರುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್ ಅವೇ ಹಳೆಯವು. ಹೆಚ್ಚು ಹೇರಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿನಲ್ಲಿ, 2019ರ ತಿದ್ದುಪಡಿಯ ಪ್ರಕಾರ, 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000.

ಆದ್ದರಿಂದ ನಾನಾಗಿದ್ದರೆ ಕಮಾನನ್ನು ವಾಪಸ್ ಮೊದಲಿನ ಸ್ಥಿತಿಗೆ ತರುತ್ತಿದ್ದೆ. ಶ್ಯಾಕಲ್ ಮೊದಲು ಹೋಗಬೇಕು. ಮೂಲದ್ದಕ್ಕಿಂತ 50 ಮಿ.ಮೀ. ಹೆಚ್ಚು ಉದ್ದದ ಶ್ಯಾಕಲ್ ಗಾಡಿಯನ್ನು ಏರಿಸುವುದು ಆ ಹೆಚ್ಚಳದ ಅರ್ಧ, ಸುಮಾರು 25. ಅಷ್ಟು ಸಣ್ಣ ಲಾಭಕ್ಕೆ ಅದು ಮಾಡುವ ತೊಂದರೆ ದೊಡ್ಡದು. ಉದ್ದ ಶ್ಯಾಕಲ್ ಪಕ್ಕಕ್ಕೆ ಹೆಚ್ಚು ಓಲಾಡುತ್ತದೆ, ನಿಮ್ಮ ತಿರುವಿನ ತೂಗಾಟದಲ್ಲಿ ಅದರ ಪಾಲು ಖಂಡಿತ ಇದೆ. ಬುಷ್ ಸವೆದಿದ್ದರಂತೂ ಕೇಳುವುದೇ ಬೇಡ. ಆಕ್ಸಲ್ ಹೌಸಿಂಗನ್ನೂ ಅದು ತುಸು ತಿರುಗಿಸುತ್ತದೆ, ಆಗ ಗೇರ್ ಬಾಕ್ಸಿನಿಂದ ಆಕ್ಸಲ್ಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ನಡುಕ ಬರುತ್ತದೆ, ಅದರ ಕೀಲಿನ ಕ್ರಾಸ್ ಬೇಗ ಹೋಗುತ್ತದೆ. ಆಮೇಲೆ ಹೆಚ್ಚಿನ ಪ್ಲೇಟುಗಳು. ಎರಡನ್ನೂ ತೆಗೆಸಿ. ಹಳೇ ಪ್ಲೇಟುಗಳು ಚಪ್ಪಟೆಯಾಗಿದ್ದರೆ ಕಮಾನಿನವರ ಹತ್ತಿರ ಮೂಲ ಬಾಗಿಗೆ ಸೆಟ್ ಮಾಡಿಸಿ, ಅದಕ್ಕಿಂತ ಹೆಚ್ಚು ಬಾಗಿಸಲು ಬಿಡಬೇಡಿ. ಬಿಚ್ಚಿದಾಗ ಪ್ಲೇಟಿನ ದಪ್ಪ ಅಳೆಯಿರಿ. 7 ಮಿ.ಮೀ. ಇದ್ದ ಕಡೆ 8 ಮಿ.ಮೀ.ಯದ್ದು ಕೂತಿದ್ದರೆ ಆ ಒಂದು ಪ್ಲೇಟಿನ ಬಿಗಿ ಒಂದೂವರೆ ಪಟ್ಟು ಆಗಿರುತ್ತದೆ, ದಪ್ಪದ ಘನದ ಲೆಕ್ಕ ಅದು. ಎಣಿಸಿದರೆ ಪ್ಲೇಟ್ ಸರಿ ಇದೆ, ಆದರೂ ಗಾಡಿ ಬಿಗಿ ಎನ್ನುವ ಒಗಟು ಎಷ್ಟೋ ಸಲ ಇಲ್ಲೇ ಬಿಡಿಸಿಕೊಳ್ಳುತ್ತದೆ. ಕಿವಿಯಿಂದ ಕಿವಿಗೆ ಅಳತೆ ಮತ್ತೆ 440ರ ಆಸುಪಾಸಿಗೆ ಬಂದರೆ ಕಂಪನಿ ಅಳತೆಯ ಶಾಕ್ ಸಾಕು, ಬೇರೇನೂ ಹುಡುಕಬೇಡಿ. ಈ ದಾರಿಯ ನಷ್ಟ ಇಷ್ಟೇ: ಕಚ್ಚಾ ದಾರಿಯ ನಡುವಿನ ದಿಣ್ಣೆಗೆ ಗಾಡಿಯ ಹೊಟ್ಟೆ ಮೊದಲಿಗಿಂತ ಸ್ವಲ್ಪ ಹತ್ತಿರವಾಗುತ್ತದೆ. ಆಕ್ಸಲ್ಲಿನ ನಡುವಿನ ಗುಂಡಿನ (ಡಿಫರೆನ್ಷಿಯಲ್) ಎತ್ತರ ಮಾತ್ರ ಬದಲಾಗುವುದಿಲ್ಲ, ಅದು ಟೈರಿನ ಲೆಕ್ಕ.

ಇಲ್ಲ, ನಮ್ಮ ಮನೆ ಏರಿಗೆ ಎತ್ತರ ಬೇಕೇ ಬೇಕು ಎನ್ನುವುದಾದರೆ ಇನ್ನೊಂದು ದಾರಿ. ಎಳೆದಾಗ 600, ಒತ್ತಿದಾಗ 360ರ ಸುಮಾರಿನ ಶಾಕ್ ಹುಡುಕಿ, ಬಂಪ್ ರಬ್ಬರಿನ ಮೇಲೆ 45 ಮಿ.ಮೀ. ದಪ್ಪದ ಉಕ್ಕಿನ ಸ್ಪೇಸರ್ ಕೊಡಿಸಬೇಕು. ಆಗ ಆಕ್ಸಲ್ ಪೂರ್ತಿ ಮೇಲೆ ಬಂದಾಗ 330ರ ಬದಲು 375ಕ್ಕೇ ನಿಲ್ಲುತ್ತದೆ, ಶಾಕ್‌ಗೆ 15 ಮಿ.ಮೀ. ಉಳಿಯುತ್ತದೆ. ಖಾಲಿ ನಿಂತಾಗ ರಬ್ಬರಿಗೆ 100 ಮಿ.ಮೀ. ಜಾಗ ಇರುತ್ತದೆ, ಮೂಲ ಗಾಡಿಯಲ್ಲಿದ್ದ 85ಕ್ಕಿಂತ ಜಾಸ್ತಿಯೇ. ಅಳತೆ ಸರಿ ಬಂತೇ ಎಂದು ತಿಳಿಯಲು ನಮ್ಮ ಶೆಡ್ಡಿನ ಹಳೇ ಉಪಾಯ ಇದೆ. ಹೊರಗೆ ತಗಡಿನ ಕವಚ ಇಲ್ಲದ ಶಾಕ್ ಆದರೆ ರಾಡಿನ ಬುಡಕ್ಕೆ ಒದ್ದೆ ಬಾಳೆಪಟ್ಟೆಯ ಎಳೆ ಬಿಗಿಯಾಗಿ ಕಟ್ಟಿ, ಲೋಡ್ ಹಾಕಿ ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಶಾಕ್ ಎಷ್ಟು ಒಳಗೆ ಹೋಗಿತ್ತೋ ಎಳೆ ಅಷ್ಟು ಮೇಲೆ ಸರಿದು ನಿಂತಿರುತ್ತದೆ. ಮೇಲ್ತುದಿಗೇ ಹೋಗಿ ಜಜ್ಜಿಹೋಗಿದ್ದರೆ ಸ್ಪೇಸರ್ ಸಾಲದು. 

ಈ ದಾರಿಯಲ್ಲಿ ಅಪಾಯ ಉಂಟು. ಎತ್ತರದ ಗಾಡಿ ಎತ್ತರದ ಗಾಡಿಯೇ, ತಿರುವಿನಲ್ಲಿ ಶಾಕ್ ಅದನ್ನು ನಿಧಾನಕ್ಕೆ ವಾಲಿಸೀತೇ ಹೊರತು ವಾಲದಂತೆ ಮಾಡಲಾರದು. ಚಕ್ರ ಪೂರ್ತಿ ಜೋತುಬಿದ್ದಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಳ್ಳುತ್ತದೆಯೇ ನೋಡಲೇಬೇಕು. ಕೆಲವರು ಕಿವಿಗೆ ಉದ್ದದ ಅಡಾಪ್ಟರ್ ಸೇರಿಸಿ ಹಳೇ ಶಾಕ್ ಉಳಿಸಿಕೊಳ್ಳುತ್ತಾರೆ. ಬೋಲ್ಟ್ ಬಗ್ಗುತ್ತದೆ, ನನಗೆ ಒಪ್ಪಿಗೆ ಇಲ್ಲ. ಶಾಕ್ ಕೂರುವ ಜಾಗ ಬದಲಿಸಿ ಹೆಚ್ಚು ಓರೆ ಮಾಡುವವರೂ ಇದ್ದಾರೆ. 30 ಡಿಗ್ರಿ ಓರೆಯಾದರೆ ಶಾಕ್‌ನ ಬಲದಲ್ಲಿ ಮುಕ್ಕಾಲು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ, 45 ಆದರೆ ಅರ್ಧ.

ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ಇದೊಂದನ್ನು ಮಾತ್ರ ಮರೆಯಬೇಡಿ. ಹಿಂದಿನ ಆಕ್ಸಲ್‌ನಿಂದ ಚಾಸಿಯ ಕಡೆಗೆ ಒಂದು ಸಣ್ಣ ಸರಳು ಹೋಗಿ ಬ್ರೇಕ್ ಪೈಪಿನ ವಾಲ್ವ್‌ಗೆ ಸೇರಿದೆಯೇ ನೋಡಿ. ಅನೇಕ ಪಿಕಪ್‌ಗಳಲ್ಲಿ ಇರುತ್ತದೆ. ಗಾಡಿ ತಗ್ಗಿದರೆ 'ಲೋಡ್ ಇದೆ' ಅಂತ ತಿಳಿದು ಹಿಂದಿನ ಚಕ್ರಕ್ಕೆ ಹೆಚ್ಚು ಬ್ರೇಕ್ ಕೊಡುತ್ತದೆ, ಎದ್ದಿದ್ದರೆ ಕಡಿಮೆ. ನಿಮ್ಮ ಗಾಡಿ 60 ಮಿ.ಮೀ. ಎದ್ದು ನಿಂತಿರುವುದರಿಂದ ಎಂಟುನೂರು ಕೆ.ಜಿ. ಹೊತ್ತಾಗಲೂ ಆ ವಾಲ್ವ್ ಗಾಡಿ ಖಾಲಿ ಅಂತಲೇ ನಂಬಿರುತ್ತದೆ. ಘಾಟಿ ಇಳಿಯುವಾಗ ಮುಂದಿನ ಬ್ರೇಕೇ ಎಲ್ಲ ಹೊರುತ್ತದೆ, ಕಾಯುತ್ತದೆ, ವಾಸನೆ ಬರುತ್ತದೆ. ನಿಮಗೆ ಆ ವಾಸನೆ ಬಂದಿರಬಹುದು, ಲೈನರ್ ಹೊಸದು ಅಂತ ಸುಮ್ಮನಾಗಿರಬಹುದು. ಎತ್ತರ ಇಟ್ಟುಕೊಂಡರೆ ಆ ಸರಳನ್ನು ಗೊತ್ತಿರುವವರ ಕೈಯಲ್ಲಿ ಹೊಂದಿಸಿಕೊಳ್ಳಬೇಕು, ಎತ್ತರ ಇಳಿಸಿದರೆ ಹಿಂದಿನವರು ಅದನ್ನು ತಂತಿ ಕಟ್ಟಿ ಎಳೆದಿಟ್ಟಿದ್ದಾರೆಯೇ ಎಂದು ನೋಡಬೇಕು. ಕಟ್ಟಿಟ್ಟವರನ್ನು ಕಂಡಿದ್ದೇನೆ.

ಈಗ ಗ್ಯಾಸೋ ಎಣ್ಣೆಯೋ. ನಿಮ್ಮ ರಸ್ತೆಗೆ ಎರಡು ಕೊಳವೆಯ, ಕಡಿಮೆ ಒತ್ತಡದ ಗ್ಯಾಸ್ ತುಂಬಿದ ಶಾಕ್ ತಗೊಳ್ಳಿ. ನೊರೆ ತಡೆಯುತ್ತದೆ, ಕಲ್ಲು ಸಿಡಿದು ಹೊರಕೊಳವೆ ಸ್ವಲ್ಪ ನೆಗ್ಗಿದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ. ಒಂಟಿ ಕೊಳವೆಯದು ಬಿಸಿ ಬೇಗ ಬಿಡುತ್ತದೆ, ಹದ ಚೆನ್ನ, ಆದರೆ ಪಿಸ್ಟನ್ ಓಡುವುದು ಹೊರಕೊಳವೆಯಲ್ಲೇ ಆದ್ದರಿಂದ ಒಂದು ದೊಡ್ಡ ನೆಗ್ಗು ಅದರ ಆಯುಷ್ಯ ಮುಗಿಸಬಹುದು. ಕಂಪನಿಯ ಮಟ್ಟಿಗೆ ಗೇಬ್ರಿಯಲ್, ಮನ್ರೋ ಥರದ ಹೆಸರುಗಳು ಶಿವಮೊಗ್ಗದಲ್ಲೇ ಸಿಗುತ್ತವೆ, ಕಂಪನಿ ಅಳತೆಗೆ ಇವೇ ಸಾಕು. ಎತ್ತರ ಉಳಿಸಿಕೊಂಡರೆ ಮಾತ್ರ ಓಲ್ಡ್ ಮ್ಯಾನ್ ಈಮು, ಬಿಲ್ಸ್ಟೈನ್‌ನಂಥ ಹೊರದೇಶದ ಕಡೆ ನೋಡಬೇಕಾದೀತು. ಅವರು ಒತ್ತಿದ, ಎಳೆದ ಉದ್ದವನ್ನು ಪಟ್ಟಿಯಲ್ಲೇ ಕೊಡುತ್ತಾರೆ ಎನ್ನುವುದು ದೊಡ್ಡ ಅನುಕೂಲ. ರಿಪೇರಿ ಮಾಡಿದ ಹಳೇ ಶಾಕ್ ಅಗ್ಗಕ್ಕೆ ಕೊಡುತ್ತೇವೆ ಎಂದವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ. ಎರಡೂ ಬದಿ ಒಟ್ಟಿಗೇ ಬದಲಿಸಿ, ಬಿಲ್ ಇಟ್ಟುಕೊಳ್ಳಿ.

ಮುಂದಿನ ಶಾಕ್ ಬಗ್ಗೆ ನೀವು ಕೇಳಿಲ್ಲ. ಮುಂಭಾಗವನ್ನು ಹಿಂದಿನವರು ಮುಟ್ಟಿಲ್ಲದಿದ್ದರೆ, ಮೇಲೆ ಹೇಳಿದ ಹಾಗೆ ಕೈಯಲ್ಲಿ ಎಳೆದು ನೋಡಿ ಹದ ಸರಿ ಇದ್ದರೆ ಹಾಗೇ ಬಿಡಿ. ಹಿಂದೆ ಇಳಿಸಿದ ಮೇಲೆ ಹೆಡ್‌ಲೈಟಿನ ಬೆಳಕು ಮೇಲೆ ಏಳುತ್ತದೆ, ಅದನ್ನು ತಗ್ಗಿಸಿಕೊಳ್ಳಿ.

ಕೂರಿಸುವ ದಿನ ನೀವು ಅಲ್ಲೇ ನಿಲ್ಲುವುದು ಒಳ್ಳೆಯದು. ಎರಡು ಕೊಳವೆಯ ಶಾಕ್ ಅಂಗಡಿಯಲ್ಲಿ ಅಡ್ಡ ಮಲಗಿರುತ್ತದೆ, ಒಳಗೆ ಗ್ಯಾಸು ಎಣ್ಣೆಯ ಜಾಗಕ್ಕೆ ಬಂದಿರುತ್ತದೆ. ನೆಟ್ಟಗೆ ಹಿಡಿದು ನಾಲ್ಕೈದು ಸಲ ನಿಧಾನಕ್ಕೆ ಪೂರ್ತಿ ಒತ್ತಿ ಎಳೆದ ಮೇಲೆ ಕೂರಿಸಬೇಕು. ಬೋಲ್ಟಿನ ಕೊನೆಯ ಬಿಗಿ ಗಾಡಿ ತನ್ನ ಚಕ್ರದ ಮೇಲೆ ನಿಂತಾಗಲೇ ಆಗಬೇಕು. ಜ್ಯಾಕ್ ಮೇಲೆ ಜೋತುಬಿದ್ದಾಗ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಪ್ಲೇಟ್ ಬಿಚ್ಚಿ ಜೋಡಿಸಿದ್ದರಿಂದ ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ ಹಳೇ ಯು ಬೋಲ್ಟ್ ಮತ್ತೆ ಹಾಕಲು ಒಪ್ಪಬೇಡಿ, ಹೊಸದೇ ಬೇಕು. ಹೊಸದಾದರೂ ಪ್ಲೇಟುಗಳು ಕೂತುಕೊಳ್ಳುತ್ತಾ ಸಡಿಲಾಗುತ್ತವೆ. ಐನೂರು ಕಿ.ಮೀ. ಆದ ಮೇಲೆ ಒಮ್ಮೆ, ಎರಡು ಸಾವಿರಕ್ಕೆ ಇನ್ನೊಮ್ಮೆ ಟಾರ್ಕ್ ಪಾನಾ (ಬಿಗಿ ಅಳೆದು ತಿರುಗಿಸುವ ಪಾನಾ) ಇರುವವರ ಹತ್ತಿರ ಬಿಗಿಸಿಕೊಳ್ಳಿ. ಆ ಎರಡನೇ ಬಿಗಿತಕ್ಕೆ ಬಂದಾಗ ಕಿವಿಯಿಂದ ಕಿವಿಗೆ ಇನ್ನೊಮ್ಮೆ ಟೇಪ್ ಹಿಡಿದು ಅಳತೆ ನನಗೆ ಕಳಿಸಿ, ಹೊಸದಾಗಿ ಬಾಗಿಸಿದ ಪ್ಲೇಟ್ ಎಷ್ಟು ಕುಸಿದಿದೆ ಅಂತ ಆಗ ಹೇಳಬಹುದು.